ಹೆಬಸೂರ ಸರ್ ಮತ್ತು ಅರ್ಧಕ್ಕೆ ನಿಂತ ಕಟ್ಟಡಗಳು

ಪುಣೆಯ ಧನಕವಡಿಯ ಕೊನೆಯ ಬಸ್ ಸ್ಟಾಪಿನ ಎದುರು, ಸಂಜೆಯ ಗದ್ದಲದಲ್ಲಿ, ಎರಡೂ ಕೈಯಲ್ಲಿ ಒಂದೊಂದು ಚಹಾದ ಗ್ಲಾಸು ಹಿಡಿದು ನಿಂತ ಎತ್ತರದ ಮುದುಕರೊಬ್ಬರನ್ನು ನೀವು ಕಂಡಿದ್ದರೆ, ಅವರೇ ನಮ್ಮ ಹೆಬಸೂರ ಸರ್. ಬಲಗೈಯ ಚಹಾ ರಸ್ತೆಯ ಈ ಬದಿಯ ಗಾಡಿಯದು, ಎಡಗೈಯದು ಆ ಬದಿಯ ಗಾಡಿಯದು. ಎರಡೂ ಅರ್ಧರ್ಧ. ಇದರದೊಂದು ಗುಟುಕು, ಅದರದೊಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಯಾರೂ ಕೇಳದಿದ್ದರೂ ತೀರ್ಪು ಹೇಳುತ್ತಿದ್ದರು. ಗಾಡಿಯವರಿಬ್ಬರಿಗೂ ಅವರನ್ನು ಕಂಡರೆ ಸಿಟ್ಟು, ಆದರೆ ಅವರು ಒಂದು ದಿನ ಬರದಿದ್ದರೆ ಇಬ್ಬರೂ ನನ್ನನ್ನು ತಡೆದು ಸರ್ ಆರಾಮ ಇದ್ದಾರೆಯೇ ಎಂದು ಕೇಳುತ್ತಿದ್ದರು.

"ಒಂದ ಚಹಾ ಕುಡದು ಚಲೋ ಅದ ಅನ್ನಾಂವ ಚಹಾದ ಬಗ್ಗೆ ಏನೂ ಹೇಳಿಲ್ಲ. ತನ್ನ ನಾಲಿಗಿ ಬಗ್ಗೆ ಹೇಳ್ಯಾನ ಅಷ್ಟ," ಎನ್ನುವುದು ಅವರ ಸಮರ್ಥನೆ.

ಈ ಸಲ ಸೆಖೆ ಭಾಳ ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಸಾಕು, "ಯಾವುದರ ಪಕ್ಕ ಇಟ್ಟು ನೋಡಿದಿ?" ಎಂದು ಹಿಡಿದುಕೊಳ್ಳುತ್ತಿದ್ದರು. ನನ್ನ ಮಗಳಿಗೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಾಗ ಪೇಢೆ ಕೊಡಲು ಹೋದರೆ ಪೇಢೆ ಬಾಯಿಗೆ ಹಾಕಿಕೊಂಡೇ ಅದೇ ಪ್ರಶ್ನೆ ಕೇಳಿದರು. ಒಮ್ಮೆ ಸಂಬಂಧಿಕರ ಹುಡುಗನಿಗೆ ಹೆಣ್ಣು ನೋಡಲು ಹಿರಿಯರೆಂದು ಇವರನ್ನು ಕರೆದುಕೊಂಡು ಹೋಗಿದ್ದರಂತೆ. ಹುಡುಗಿ ಭಾಳ ಶಾಣ್ಯಾ ಇದ್ದಾಳೆ ಎಂದು ಅವಳ ತಂದೆ ಹೇಳಿದ್ದಕ್ಕೆ ಇವರು ಅಭ್ಯಾಸಬಲದಿಂದ ಆ ಪ್ರಶ್ನೆ ಹಾಕಿಬಿಟ್ಟರು. ಅವಲಕ್ಕಿ ಬರುವ ಮೊದಲೇ ಎಲ್ಲರೂ ಎದ್ದು ಬರಬೇಕಾಯಿತು. ಆಮೇಲೆ ಅಂಥ ಕಾರ್ಯಕ್ಕೆ ಅವರನ್ನು ಯಾರೂ ಕರೆಯಲಿಲ್ಲ.

ನಾನು ಅವರ ಶಿಷ್ಯೆ. ಪುಣೆಯ ಒಂದು ಕಾಲೇಜಿನಲ್ಲಿ ಎಂ.ಎ. ಓದುವಾಗ ಅವರು ನಮಗೆ ತುಲನಾತ್ಮಕ ರಾಜಕಾರಣ ಕಲಿಸುತ್ತಿದ್ದರು. ಬೇರೆ ಬೇರೆ ದೇಶಗಳ ಆಡಳಿತವನ್ನು ಅಕ್ಕಪಕ್ಕ ಇಟ್ಟು ನೋಡುವ ವಿದ್ಯೆ. ಹುಬ್ಬಳ್ಳಿಯ ಕಡೆಯವರು, ಧಾರವಾಡದಲ್ಲಿ ಓದಿ, ಕೆಲಸಕ್ಕೆಂದು ಬಂದು ಇಲ್ಲಿಯೇ ಉಳಿದವರು. ಮದುವೆಯಾಗಲಿಲ್ಲ. ಪಾಠ ಮರಾಠಿ ಮತ್ತು ಇಂಗ್ಲಿಷಿನಲ್ಲಿ, ಸಿಟ್ಟು ಮಾತ್ರ ಕನ್ನಡದಲ್ಲಿ. ನಾನು ಬೆಳಗಾವಿಯವಳೆಂದು ಗೊತ್ತಾದ ಮೇಲೆ ಇಡೀ ತರಗತಿಯ ಮೇಲಿನ ಸಿಟ್ಟನ್ನು ನನ್ನ ಕಡೆ ತಿರುಗಿ ಹೊರಹಾಕುತ್ತಿದ್ದರು, ತಿಳಿಯುವವಳು ನಾನೊಬ್ಬಳೇ ಎಂಬ ಕಾರಣಕ್ಕೆ. ಮದುವೆಯಾಗಿ ನಾವು ಮನೆ ಹುಡುಕುವಾಗ, ತಮ್ಮ ಸೊಸೈಟಿಯಲ್ಲಿ ಎರಡನೇ ಮಹಡಿಯ ಮನೆ ಮಾರಾಟಕ್ಕಿದೆ ಎಂದು ಹೇಳಿದವರೂ ಅವರೇ. ಅವರದು ನಮ್ಮ ತಲೆಯ ಮೇಲಿನ ಮನೆ. ನಮ್ಮವರು ತೀರಿಕೊಂಡ ಮೇಲೆ ನನಗೂ ಮಗಳು ಮೇಘಾಗೂ ನಮ್ಮದು ಅಂತ ಈ ಲೋಕದಲ್ಲಿ ಉಳಿದದ್ದು ಆ ಎರಡು ಕೋಣೆ ಮತ್ತು ಒಂದು ಅಡುಗೆಮನೆ.

ಅವರ ಪಾಠ ಕೇಳಿದವರು ಮರೆಯುವುದು ಕಷ್ಟ. ದೇಶವನ್ನು ನೋಡುವ ಬಗೆಗಳನ್ನೆಲ್ಲ ಅವರು ನಮ್ಮ ಕಾಲೇಜಿನ ಮೇಲೆಯೇ ಪ್ರಯೋಗಿಸಿ ತೋರಿಸುತ್ತಿದ್ದರು. ಹಳೆಯ ಪಂಡಿತರು ಸಂವಿಧಾನ ಓದಿ ದೇಶ ತಿಳಿಯಿತು ಅನ್ನುತ್ತಿದ್ದರು. ಅಂದರೆ ಪ್ರಿನ್ಸಿಪಾಲರ ಕಪಾಟಿನಲ್ಲಿರುವ ನಿಯಮಾವಳಿ ಓದಿ ಕಾಲೇಜು ಹೀಗಿದೆ ಅಂದಂತೆ. ಆಮೇಲಿನವರು, ನಿಯಮ ಬಿಡಿ, ವರಾಂಡದಲ್ಲಿ ನಿಂತು ಜನ ನಿಜಕ್ಕೂ ಏನು ಮಾಡುತ್ತಾರೆ ನೋಡಿ ಅಂದರು. ಇನ್ನು ಕೆಲವರು, ಯಾವ ವ್ಯವಸ್ಥೆಯಲ್ಲೂ ಕೆಲವು ಕೆಲಸ ಆಗಲೇಬೇಕು, ಆ ಕೆಲಸ ಯಾರು ಮಾಡುತ್ತಾರೆ ಹುಡುಕಿ, ಹುದ್ದೆಯ ಹೆಸರಿಗೆ ಮರುಳಾಗಬೇಡಿ ಅಂದರು. ಇಲ್ಲಿಗೆ ಬಂದಾಗ ಸರ್ ದನಿ ತಗ್ಗಿಸಿ, ಪ್ರಿನ್ಸಿಪಾಲರ ಮನಸ್ಸು ಯಾವ ಹೊತ್ತಿನಲ್ಲಿ ಚೆನ್ನಾಗಿರುತ್ತದೆ ಎಂದು ತಿಳಿದ ಸಿಪಾಯಿಯ ಹೆಸರು ಹೇಳುತ್ತಿದ್ದರು. ನಾವು ನಗುತ್ತಿದ್ದೆವು, ಅವರು ನಗುತ್ತಿರಲಿಲ್ಲ.

ಒಂದು ಪಾಠ ಮಾತ್ರ ಪ್ರತಿ ವರ್ಷ ಎರಡೆರಡು ಸಲ ಮಾಡುತ್ತಿದ್ದರು. ಕ್ರಾಂತಿಯಾದ ದೇಶಗಳನ್ನು ಒಬ್ಬ ಪಂಡಿತ ಸುತ್ತಿ ನೋಡುತ್ತಾನೆ. ಎಲ್ಲ ಕಡೆ ಕ್ರಾಂತಿಗೆ ಮುಂಚೆ ಹಸಿವಿತ್ತು. ಹಸಿವೇ ಕ್ರಾಂತಿಗೆ ಕಾರಣ ಎಂದು ಬರೆದು ದೊಡ್ಡ ಮನುಷ್ಯನಾಗುತ್ತಾನೆ. ಇಷ್ಟು ಹೇಳಿ ಸರ್ ಮೇಜಿನ ಮೇಲೆ ಬೆರಳು ಬಡಿದು ನನ್ನತ್ತ ತಿರುಗುತ್ತಿದ್ದರು. "ಹಸದೂ ಸುಮ್ಮನ ಕೂತ ದೇಶಕ್ಕ ಏನು ಹೇಳ್ತಿ? ಅಲ್ಲಿಗೆ ಅಂವ ಹೋಗೇ ಇಲ್ಲಲಾ."

ರಜೆಯಲ್ಲಿ ಒಮ್ಮೆ ನಮ್ಮನ್ನೆಲ್ಲ ಜೇಜುರಿಗೆ ಕರೆದೊಯ್ದರು. ನಾವು ದೇವರ ದರ್ಶನ, ಭಂಡಾರ, ಊಟ ಎಂದುಕೊಂಡಿದ್ದರೆ ಅವರು ಮೆಟ್ಟಿಲ ಬಳಿ ನಿಂತು ಕರ್ನಾಟಕದಿಂದ ಬಂದ ಭಕ್ತರನ್ನು ಹುಡುಕತೊಡಗಿದರು. ಹಣೆಯ ತುಂಬ ಅರಿಶಿಣ ಬಳಿದುಕೊಂಡ ರಾಣೆಬೆನ್ನೂರು ಕಡೆಯ ಒಂದು ಕುಟುಂಬ ಸಿಕ್ಕಿತು. ನಮ್ಮ ಕಡೆಯ ಮೈಲಾರನೇ ಇಲ್ಲಿಯ ಖಂಡೋಬ. ಅವರು ಎರಡೂ ಕಡೆ ನಡೆದುಕೊಳ್ಳುವವರು. ಅಲ್ಲಿ ದರ್ಶನಕ್ಕೆ ಹೇಗೆ ಹೋಗುತ್ತೀರಿ, ಇಲ್ಲಿ ಹೇಗೆ ಹೋಗುತ್ತೀರಿ ಎಂದು ಸರ್ ಆ ಮನೆಯ ಹೆಂಗಸನ್ನು ಕೇಳಿದರು. ಆಕೆ ಸ್ವಲ್ಪ ಯೋಚಿಸಿ, ಒಂದು ಕಡೆ ಸಾಲು ಹಿಡಿಯುತ್ತೇವೆ, ಇನ್ನೊಂದು ಕಡೆ ಗುಂಪಿನೊಳಗೆ ನುಗ್ಗುತ್ತೇವೆ ಅಂದಳು. ಸರ್ ಮುಖ ಅರಳಿತು. "ನೋಡ್ರಿ, ದೇವರು ಒಬ್ಬನ. ಭಕ್ತರೂ ಅವರ. ಸರತಿ ಮಾತ್ರ ಬ್ಯಾರೆ. ಅಂದಮ್ಯಾಲ ಸರತಿಗೆ ಕಾರಣ ದೇವರೂ ಅಲ್ಲ, ಭಕ್ತರೂ ಅಲ್ಲ. ಉಳದದ್ದು ಏನು ಹುಡುಕ್ರಿ." ಎಲ್ಲ ಒಂದೇ ಆಗಿದ್ದು ಒಂದು ಮಾತ್ರ ಬೇರೆಯಾದಾಗ ಆ ಬೇರೆಯಾದದ್ದನ್ನು ಹಿಡಿ ಎನ್ನುವ ಇಡೀ ಅಧ್ಯಾಯ ನಮಗೆ ಆ ಮೆಟ್ಟಿಲ ಮೇಲೆ ತಿಳಿಯಿತು. ದರ್ಶನ ಮಾತ್ರ ತಪ್ಪಿತು, ಬಸ್ಸಿಗೆ ಹೊತ್ತಾಗಿತ್ತು.

ಇಷ್ಟೆಲ್ಲ ತೂಗಿ ನೋಡುವ ಮನುಷ್ಯ ಧೈರ್ಯವಂತನಿರಬೇಕು ಎಂದು ನಾನು ತಿಳಿದಿದ್ದೆ. ಮೇಲುಮನೆ ಕೆಳಮನೆಯಾದ ಮೇಲೆ ತಿಳಿಯಿತು, ಅವರಷ್ಟು ಅಂಜುಬುರುಕರು ಇನ್ನೊಬ್ಬರಿಲ್ಲ. ಬೀಗ ಹಾಕಿ ಕೆಳಗಿಳಿದು, ಮತ್ತೆ ಮೇಲೆ ಹತ್ತಿ ಬೀಗ ಜಗ್ಗಿ ನೋಡುವುದು ದಿನದ ಕೆಲಸ. ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ದಾರಿಯಿಂದ ನನಗೆ ಫೋನ್ ಮಾಡಿ, ವಾಸನೆ ಬರುತ್ತಿದೆಯೇ ನೋಡು ಅನ್ನುತ್ತಿದ್ದರು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು ಅವರಿಗೆ ವಿದ್ಯೆಗಿಂತ ಹೆಚ್ಚಾಗಿ ಔಷಧವಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಬೇರೆಯವರಿಗೂ ಹೀಗೇ ಆಗುತ್ತದೆ ಎಂದು ಗೊತ್ತಾದರೆ ಅವರ ಎದೆಬಡಿತ ಸ್ವಲ್ಪ ಇಳಿಯುತ್ತಿತ್ತು.

ನಮ್ಮ ಕಟ್ಟಡ ಹಳೆಯದು. ಅಡುಗೆಮನೆಯ ಗೋಡೆಯಲ್ಲಿ ನನ್ನ ಮನೆಯಿಂದ ಅವರ ಮನೆಯವರೆಗೆ ಒಂದು ಬಿರುಕು ಹೊರಟಿತ್ತು. ಸರ್ ತಮ್ಮ ಅಡುಗೆಮನೆಯಲ್ಲಿ ಅದರ ಮೇಲೆ ಅಡ್ಡಲಾಗಿ ಒಂದು ತೆಳುವಾದ ಗಾಜಿನ ಪಟ್ಟಿ ಸಿಮೆಂಟ್ ಹಾಕಿ ಅಂಟಿಸಿದರು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ಆಗ ಅಂಜಿದರಾಯಿತು ಎಂದರು. ಅಷ್ಟಕ್ಕೆ ಸುಮ್ಮನಾಗುವವರೇ? ನಮ್ಮ ಹಿಂದುಗಡೆ ಅದೇ ಬಿಲ್ಡರ್ ಅದೇ ವರ್ಷ ಕಟ್ಟಿದ ಇನ್ನೊಂದು ಕಟ್ಟಡವಿದೆ, ನಮ್ಮದರ ಅವಳಿ. ಅಲ್ಲಿಯ ಎರಡನೇ ಮಹಡಿಯವರ ಬಾಗಿಲು ತಟ್ಟಿ, ನಿಮ್ಮ ಅಡುಗೆಮನೆಯಲ್ಲೂ ಬಿರುಕಿದೆಯೇ ಎಂದು ಕೇಳಿ, ಇದೆ ಅಂದದ್ದಕ್ಕೆ ಅಲ್ಲೂ ಒಂದು ಗಾಜು ಅಂಟಿಸಿ ಬಂದರು. ನಮ್ಮ ಬಿರುಕು ಮಾತ್ರ ಬೆಳೆಯುತ್ತದೋ ಅಥವಾ ಮಳೆಗಾಲದಲ್ಲಿ ಎಲ್ಲರದೂ ಬೆಳೆಯುತ್ತದೋ ತಿಳಿಯಬೇಕಲ್ಲ ಎನ್ನುವುದು ಅವರ ವಾದ. ಆ ಮನೆಯಾಕೆ ಇಂದಿಗೂ ಅವರನ್ನು ಗಾಜಿನ ಸರ್ ಅನ್ನುತ್ತಾಳೆ.

ಆ ಮಳೆಗಾಲ ಎರಡೂ ಗಾಜು ಒಡೆಯಲಿಲ್ಲ. ಆದರೆ ಒಂದು ಮಧ್ಯಾಹ್ನ ನಾನು ಕಲಿಸುವ ಶಾಲೆಯಿಂದ ಬಂದು ಬಾಗಿಲು ತೆಗೆದರೆ ಅಡುಗೆಮನೆಯ ಚಾವಣಿಯ ಗಾರೆ ಒಂದು ದೊಡ್ಡ ತುಂಡಾಗಿ ಒಲೆಯ ಮೇಲೆ ಬಿದ್ದಿತ್ತು. ಕುಕ್ಕರಿನ ಮುಚ್ಚಳ ನಜ್ಜುಗುಜ್ಜಾಗಿತ್ತು. ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬಿ ಕಾಣುತ್ತಿದ್ದವು. ಮೇಘಾ ಸಾಮಾನ್ಯವಾಗಿ ಆ ಹೊತ್ತಿಗೆ ಅಲ್ಲಿಯೇ ನಿಂತು ಅನ್ನ ಬಿಸಿ ಮಾಡಿಕೊಳ್ಳುವವಳು, ಅವತ್ತು ಗೆಳತಿಯ ಮನೆಗೆ ಹೋಗಿದ್ದಳು. ಅಂದಿನಿಂದ ನಾನು ಅವಳನ್ನು ಅಡುಗೆಮನೆಗೆ ಬಿಡಲಿಲ್ಲ. ನಾನೇ ಜೀವ ಕೈಯಲ್ಲಿ ಹಿಡಿದು ಒಗ್ಗರಣೆ ಹಾಕುತ್ತಿದ್ದೆ, ಕಣ್ಣು ಬಾಣಲೆಯ ಮೇಲಲ್ಲ, ಚಾವಣಿಯ ಮೇಲೆ.

ಇಂಜಿನಿಯರ್ ಬಂದು ನೋಡಿ ಇನ್ನು ಇದರೊಳಗೆ ಬಹಳ ದಿನ ಇರುವುದು ಸರಿಯಲ್ಲ ಅಂದರು. ಆಗ ಸೊಸೈಟಿಯಲ್ಲಿ ರಿಡೆವಲಪ್‌ಮೆಂಟಿನ ಮಾತು ಶುರುವಾಯಿತು. ಪುಣೆಯಲ್ಲಿ ಹಳೆಯ ಕಟ್ಟಡಗಳಲ್ಲಿ ಇದ್ದವರಿಗೆ ಈ ಮಾತು ಗೊತ್ತಿದೆ. ಬಿಲ್ಡರ್ ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಎತ್ತರದ ಕಟ್ಟಡ ಕಟ್ಟುತ್ತಾನೆ, ನಮಗೆ ಹೊಸ ಮನೆ, ಮಿಕ್ಕ ಮನೆಗಳನ್ನು ಅವನು ಮಾರಿಕೊಳ್ಳುತ್ತಾನೆ. ಅಲ್ಲಿಯವರೆಗೆ ನಾವು ಬಾಡಿಗೆ ಮನೆಯಲ್ಲಿರಬೇಕು. ಎಲ್ಲ ಸರಿಹೋದರೆ ಸ್ವರ್ಗ. ಅವನು ನಡುವೆ ಕೈಯೆತ್ತಿದರೆ ಇದ್ದ ಮನೆಯೂ ಇಲ್ಲ, ಬರುವ ಮನೆಯೂ ಇಲ್ಲ.

ಸೊಸೈಟಿಯ ಚೇರಮನ್ ಕದಮ ಕಾಕಾ ಇದಕ್ಕೆ ಟೊಂಕ ಕಟ್ಟಿ ನಿಂತರು. ದೊಡ್ಡ ದನಿಯ ಮನುಷ್ಯ, ಯಾರ ಮಾತನ್ನೂ ಪೂರ್ತಿ ಕೇಳುವವರಲ್ಲ. ಬಿಲ್ಡರನ್ನು ಅವರೇ ಹುಡುಕಿದರು, ಮಾತುಕತೆ ಅವರೇ ನಡೆಸಿದರು, ಮಾಡಿ ಆದ ಮೇಲೆ ನಮಗೆ ತಿಳಿಸುತ್ತಿದ್ದರು. ನನಗೆ ಅದರ ಬಗ್ಗೆ ತಕರಾರಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಮಗಳನ್ನು ಆ ಚಾವಣಿಯ ಕೆಳಗಿನಿಂದ ಹೊರಗೆ ತರಬೇಕು, ಮುಂದೊಂದು ದಿನ ಅವಳಿಗೊಂದು ಗಟ್ಟಿ ಮನೆ ಇರಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು.

ಸರ್‌ಗೆ ನಿದ್ದೆ ಹಾರಿತು. ಬೆಳಗ್ಗೆ ಸ್ನಾನ ಮಾಡಿ, ಛತ್ರಿ ಹಿಡಿದು, ಊರು ಸುತ್ತಲು ಹೊರಡತೊಡಗಿದರು. ಕಾತ್ರಜ, ಕೋಥರೂಡ, ಹಡಪಸರ. ಎಲ್ಲಿ ಯಾವ ಸೊಸೈಟಿಯ ರಿಡೆವಲಪ್‌ಮೆಂಟ್ ಅರ್ಧಕ್ಕೆ ನಿಂತಿದೆ ಎಂದು ಕೇಳಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಹುಲ್ಲು ಬೆಳೆದ ಬುನಾದಿ, ತುಕ್ಕು ಹಿಡಿದ ಕಂಬಗಳು, ಎಲ್ಲೆಲ್ಲೋ ಬಾಡಿಗೆಗಿದ್ದ ಆ ಮನೆಗಳ ಜನ, ಎಲ್ಲರನ್ನೂ ಮಾತಾಡಿಸಿ ಬರುತ್ತಿದ್ದರು. ಸಂಜೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ಅಂದಿನ ವರದಿ ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಅವರ ಭಯ ಮೆಟ್ಟಿಲಿಳಿದು ನಮ್ಮ ಮನೆಯೊಳಕ್ಕೂ ಬಂತು. ಬಿಲ್ಡರನ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರೂ ಹೆದರಿಕೆ, ಮಾಡದಿದ್ದರೂ ಹೆದರಿಕೆ.

ಸೊಸೈಟಿಯ ಮೀಟಿಂಗಿನಲ್ಲಿ ಸರ್ ಎದ್ದು ನಿಂತು ಅರ್ಧ ಗಂಟೆ ಮಾತಾಡಿದರು. ತಾವು ನೋಡಿದ ನಿಂತ ಕಟ್ಟಡಗಳನ್ನೆಲ್ಲ ಒಂದೊಂದಾಗಿ ವರ್ಣಿಸಿದರು. ಅವುಗಳ ಜಾಗ ಬೇರೆ, ಬಿಲ್ಡರ್ ಬೇರೆ, ಜನ ಬೇರೆ, ಜಾತಿ ಬೇರೆ. ಎಲ್ಲದರಲ್ಲೂ ಸಮಾನವಾದದ್ದು ಒಂದೇ: ಯಾರ ಮಾತನ್ನೂ ಕೇಳದೆ ಎಲ್ಲವನ್ನೂ ಒಬ್ಬನೇ ಮಾಡುವ ಚೇರಮನ್. ಇಷ್ಟು ಹೇಳಿ ಅವರು ಕದಮ ಕಾಕಾನ ಕಡೆ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಸಭೆ ತಣ್ಣಗಾಯಿತು. ಸಹಿ ಮಾಡುತ್ತೇನೆ ಅಂದಿದ್ದ ಕೆಳಮನೆಯ ಜೋಶಿಯವರು ಯೋಚಿಸಿ ಹೇಳುತ್ತೇನೆ ಅಂದರು. ಇನ್ನೂ ಕೆಲವರು ಹಿಂದೆ ಸರಿದರು. ಕದಮ ಕಾಕಾ ಮಾತ್ರ ಕೆಂಪಾಗಿ, "ಸರ್, ತುಮ್ಹಿ ಸಹಿ ಕರಣಾರ ಕೀ ನಾಹಿ?" ಎಂದು ಮರಾಠಿಯಲ್ಲಿ ಒಂದೇ ಮಾತು ಕೇಳಿದರು, ಸಹಿ ಮಾಡುತ್ತೀರೋ ಇಲ್ಲವೋ ಎಂದು. ಸರ್ ಕುಳಿತುಬಿಟ್ಟರು.

ಬಹುಮತ ಕೈತಪ್ಪಿತು. ಮತ್ತೆ ಮೀಟಿಂಗ್ ಎಂದಾಯಿತು. ಮಳೆಗಾಲ ಹತ್ತಿರವಾಗುತ್ತಿತ್ತು. ನನಗೆ ಸರ್ ಮೇಲೆ ವಿಪರೀತ ಸಿಟ್ಟು ಬಂದಿತ್ತು, ಆದರೆ ಸಿಟ್ಟಿಗೆ ಬಾಯಿ ಇರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಆ ಕಟ್ಟಡಗಳು ನಿಂತದ್ದು ನಿಜ, ಚೇರಮನ್ನರು ಹಾಗಿದ್ದದ್ದು ನಿಜ.

ಆ ವಾರ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬಳ ಗೃಹಪ್ರವೇಶಕ್ಕೆ ಬಿಬವೇವಾಡಿಗೆ ಹೋದೆ. ಅದೂ ರಿಡೆವಲಪ್‌ಮೆಂಟ್ ಆದ ಮನೆಯೇ. ಹೊಳೆಯುವ ಅಡುಗೆಮನೆಯಲ್ಲಿ ನಿಂತು ಅವಳ ಗಂಡ ತಮ್ಮ ಚೇರಮನ್ ಬಗ್ಗೆ ಹೊಟ್ಟೆ ತುಂಬ ಬಯ್ದರು. ಯಾರನ್ನೂ ಕೇಳುವುದಿಲ್ಲ, ಎಲ್ಲ ತಾನೇ ಎಂದು ಮೆರೆಯುತ್ತಾನೆ, ಮೀಟಿಂಗ್ ಅಂದರೆ ಅವನ ಭಾಷಣ. ನಾನು ಕೋಸಂಬರಿ ಬಾಯಿಗಿಟ್ಟವಳು ಹಾಗೆಯೇ ನಿಂತೆ. ಈ ಚೇರಮನ್ ನಮ್ಮ ಕದಮ ಕಾಕಾನಿಗಿಂತ ಒಂದು ಕೈ ಮೇಲು, ಆದರೂ ಕಟ್ಟಡ ಮುಗಿದಿದೆ, ಜನ ಅದರೊಳಗೆ ಊಟ ಮಾಡುತ್ತಿದ್ದಾರೆ.

ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಮೇಲೆ ಹೋದೆ. ಸರ್ ಅಡುಗೆಮನೆಯ ಕಿಟಕಿಯ ಹತ್ತಿರ ಕುಳಿತು ಬಿರುಕಿನ ಗಾಜನ್ನು ಒರೆಸುತ್ತಿದ್ದರು. ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಅವರಿಗೆ ನಾನು ಪಾಠ ಹೇಳುವುದೇ?

"ಸರ್, ನೀವು ನೋಡಿದ್ದೆಲ್ಲಾ ನಿಂತ ಕಟ್ಟಡರೀ. ಮುಗದದ್ದು ಒಂದನ್ನೂ ನೋಡಿಲ್ರಿ."

"ಮುಗದದ್ದರಾಗ ಏನು ನೋಡೂದದ? ಅವರು ಆರಾಮ ಇದ್ದಾರ."

ಬಿಬವೇವಾಡಿಯ ಸಂಗತಿ ಹೇಳಿದೆ. ಅಲ್ಲಿಯ ಚೇರಮನ್ ಬಗ್ಗೆ ಕೇಳಿದ್ದನ್ನೆಲ್ಲ ಹೇಳಿದೆ. ಅವರು ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಅವರದೇ ಮಾತು ಎತ್ತಿದೆ.

"ಹಸದೂ ಸುಮ್ಮನ ಕೂತ ದೇಶಕ್ಕ ಏನು ಹೇಳ್ತಿ ಅಂತ ನೀವ ಕೇಳ್ತಿದ್ರಿ, ಸರ್."

ಅರಿವೆ ಅವರ ಕೈಯಲ್ಲೇ ಉಳಿಯಿತು. ಕೆಳಗೆ ಯಾರೋ ಸ್ಕೂಟರ್ ಚಾಲೂ ಮಾಡಲು ಒದ್ದಾಡುತ್ತಿದ್ದರು. ಅವರಿಗೆ ಅವಮಾನ ಮಾಡಿದೆನೇನೋ ಎಂದು ನನಗೆ ಅಳು ಬರುವಂತಾಯಿತು. ಜೀವಮಾನವಿಡೀ ಹುಡುಗರಿಗೆ ಮಾಡಬೇಡಿ ಎಂದು ಬಡಿದುಕೊಂಡ ತಪ್ಪನ್ನು ಅವರು ಛತ್ರಿ ಹಿಡಿದು, ಬಸ್ ಹತ್ತಿ, ಊರೆಲ್ಲ ಸುತ್ತಿ ಮಾಡಿಕೊಂಡು ಬಂದಿದ್ದರು.

"ಅಂಜಿಕಿ ಬಂತಂದ್ರ ಮನಷ್ಯಾ ತನ್ನ ಅಂಜಿಕಿಯಂಥಾದ್ದನ್ನ ಹುಡುಕ್ಕೋತ ಹೋಗ್ತಾನ ಸುನಂದಾ," ಅಂದರು. "ನಾ ಕಟ್ಟಡಾ ನೋಡ್ಲಿಕ್ಕೆ ಹೋಗಿರಲಿಲ್ಲ ಅನಸ್ತದ."

ಮುಂದಿನ ಕೆಲವು ದಿನ ಅವರು ಮುಗಿದ ಕಟ್ಟಡಗಳನ್ನು ಹುಡುಕಿಕೊಂಡು ಹೋದರು. ಮೀಟಿಂಗಿನಲ್ಲಿ ಮತ್ತೆ ಎದ್ದು ನಿಂತು, ಹಿಂದಿನ ಸಲ ನಾನು ಹೇಳಿದ್ದು ತಪ್ಪು, ಸೋತ ಮನೆಗಳನ್ನಷ್ಟೇ ನೋಡಿ ಹೇಳಿದ್ದೆ, ಜೋರು ಚೇರಮನ್ನರು ಗೆದ್ದ ಕಡೆಯೂ ಇದ್ದಾರೆ ಎಂದರು. ಹಾಗಾದರೆ ಗೆಲ್ಲಿಸುವುದು ಯಾವುದು ಎಂದು ಜೋಶಿಯವರು ಕೇಳಿದರು. ಗೊತ್ತಾಗಲಿಲ್ಲ, ಬಿಲ್ಡರನ ಹಿಂದಿನ ಕೆಲಸಗಳನ್ನು ನೋಡಿದ್ದೇನೆ, ಸುಮಾರಾಗಿವೆ, ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ ಎಂದು ಸರ್ ಉತ್ತರಿಸಿದರು. ಮೊದಲ ಸಹಿ ಅವರೇ ಮಾಡಿದರು. ಕದಮ ಕಾಕಾ ಎದ್ದು ಬಂದು ಅವರ ಕೈ ಹಿಡಿದುಕೊಂಡರು.

ಮಳೆಗೆ ಮೊದಲು ಮನೆ ಖಾಲಿ ಮಾಡಿದೆವು. ನಾನೂ ಮೇಘಾಳೂ ಹತ್ತಿರದಲ್ಲೇ ಒಂದು ಕೋಣೆಯ ಬಾಡಿಗೆ ಮನೆ ಹಿಡಿದೆವು. ಸರ್ ದೌಂಡಿನಲ್ಲಿದ್ದ ತಂಗಿಯ ಮನೆಗೆ ಹೋದರು. ತಂಗಿಯ ಗಂಡ ರೈಲ್ವೆಯಲ್ಲಿದ್ದು ಅಲ್ಲೇ ಮನೆ ಕಟ್ಟಿಕೊಂಡವರು. ಕಟ್ಟಡ ಕೆಡವುವ ದಿನ ಸರ್ ಬರಲಿಲ್ಲ, ಫೋನಿನಲ್ಲಿ ಮಾತ್ರ ಯಾವ ಗೋಡೆ ಮೊದಲು ಬಿತ್ತು ಎಂದು ವಿಚಾರಿಸಿದರು. ಆಮೇಲೆ ಪ್ರತಿ ವಾರ ಫೋನ್. ಕಂಬ ಎದ್ದವೇ, ಎಷ್ಟನೇ ಮಹಡಿಗೆ ಬಂತು, ಎಷ್ಟು ಜನ ಕೆಲಸಕ್ಕಿದ್ದಾರೆ. ನಾನು ದಿನಾ ಶಾಲೆಗೆ ಹೋಗುವಾಗ ಆ ದಾರಿಯಿಂದಲೇ ಹೋಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ನಾಲ್ಕನೇ ಮಹಡಿಯ ಸ್ಲ್ಯಾಬ್ ಹಾಕಿದರು. ಆಮೇಲೆ ಒಂದು ದಿನ ಕೆಲಸದವರು ಕಾಣಲಿಲ್ಲ. ಹಬ್ಬಕ್ಕೆ ಊರಿಗೆ ಹೋಗಿದ್ದಾರೆ ಅಂದರು. ಹಬ್ಬ ಮುಗಿಯಿತು, ಇನ್ನೊಂದು ಹಬ್ಬವೂ ಬಂದು ಹೋಯಿತು. ಬಿಲ್ಡರ್ ಫೋನ್ ಎತ್ತುವುದನ್ನು ಬಿಟ್ಟ. ಬಾಡಿಗೆಗೆಂದು ಅವನು ಕೊಡುತ್ತಿದ್ದದ್ದೂ ನಿಂತಿತು. ಸರ್ ವರ್ಣಿಸುತ್ತಿದ್ದ ಆ ತುಕ್ಕು ಹಿಡಿದ ಕಂಬಗಳು ಈಗ ನಮ್ಮವೇ ಆಗಿದ್ದವು.

ನಾನು ದೌಂಡಿಗೆ ಹೋದದ್ದು ಆಗ. ರೈಲಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ, ಅವರು ಮುಖ ನೋಡಿದ ಕೂಡಲೇ ನಾ ಹೇಳಿರಲಿಲ್ಲೇನು ಅಂದರೆ ಏನು ಮಾಡುವುದು. ಸರ್ ಬಹಳ ಇಳಿದುಹೋಗಿದ್ದರು. ಉಸಿರಾಡುವುದೂ ಕಷ್ಟವಾಗಿತ್ತು. ತಂಗಿ ಚಹಾ ತಂದುಕೊಟ್ಟರು. ಸರ್ ಕೈಯಲ್ಲಿ ಒಂದೇ ಕಪ್ ನೋಡಿ ನನಗೆ ಹೇಗೋ ಆಯಿತು. ಅದು ಅವರ ಗಮನಕ್ಕೆ ಬಂತು. "ಇಕೀ ಚಹಾ ಯಾವುದರ ಪಕ್ಕ ಇಟ್ಟರೂ ನನ್ನ ಮನಿ ಹೊರಗ ಹಾಕ್ತಾಳ," ಎಂದು ತಂಗಿಗೆ ಕೇಳುವಂತೆಯೇ ಹೇಳಿದರು.

ತಂಗಿ ಒಳಗೆ ಹೋದ ಮೇಲೆ ನಾನು ತಡೆಯದೆ ಅಂದೆ, "ಕೆಲಸ ನಿಂತೈತ್ರಿ ಸರ್. ನೀವು ಅಂಜಿದಂಗ ಆತು."

"ಹಂಗನಬ್ಯಾಡ. ನಿಂತದ್ದು ಖರೆ, ನಾ ಹೇಳಿದ ಕಾರಣಕ್ಕ ನಿಂತಿಲ್ಲ. ಕದಮಗ ಫೋನ್ ಮಾಡಿದ್ದೆ. ಅಂವ ದಿನಾ ಬಿಲ್ಡರನ ಆಫೀಸಿನ ಮುಂದ ಹೋಗಿ ಕೂಡ್ತಾನ, ಒದರ್ತಾನ. ಅಂಥಾಂವ ಇಲ್ಲದಿದ್ರ ನಾಕನೇ ಮಜಲೀಗೂ ಬರ್ತಿರಲಿಲ್ಲ."

"ಆದ್ರ ನನಗ ಮನಿ ಇಲ್ಲರಿ ಈಗ."

ಅವರು ಕಪ್ ಕೆಳಗಿಟ್ಟರು. "ಮನಿ ಇಲ್ಲ. ಆದ್ರ ಯಾವುದರ ಪಕ್ಕ ಇಟ್ಟು ನೋಡ್ಲಿಕ್ಕತ್ತಿ? ಹೊಸಾ ಮನೀ ಪಕ್ಕ. ನೀನೂ ಮೇಘಾನೂ ಆ ಚಾವಣಿ ಕೆಳಗ ಇನ್ನೂ ಇದ್ದಿದ್ರ ಏನಾಗ್ತಿತ್ತು, ಅದರ ಪಕ್ಕ ಇಟ್ಟು ನೋಡು." ಸ್ವಲ್ಪ ಉಸಿರು ತೆಗೆದುಕೊಂಡು, "ಆಗದೇ ಹೋದದ್ದು ಕಣ್ಣಿಗೆ ಕಾಣೂದಿಲ್ಲ. ಅದಕ್ಕ ಅದರ ಪಕ್ಕ ಇಡೂದು ಭಾಳ ಕಠಿಣ," ಎಂದರು.

ನನಗೆ ಆ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ. ಬಾಡಿಗೆ ಕೋಣೆಯಲ್ಲಿ ಮಗಳು ಹಾಸಿಗೆಯ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಾಗ, ಆಗದೇ ಹೋದದ್ದರ ಪಕ್ಕ ಏನನ್ನು ಇಡಲಿ? ಪಂಡಿತರ ಮಾತು ಎಂದುಕೊಂಡು ರೈಲು ಹತ್ತಿದೆ. ನಾನು ಹೊರಟಾಗ ಅವರು ಮನೆಯ ಗೇಟಿನವರೆಗೆ ಬಂದು ನಿಂತಿದ್ದರು. ಅದೇ ಕೊನೆಯ ಭೇಟಿಯಾಯಿತು. ಚಳಿಗಾಲದಲ್ಲಿ ಅವರ ತಂಗಿ ಫೋನ್ ಮಾಡಿ, ಅಣ್ಣ ಹೋದ, ಹಿಂದಿನ ದಿನವೂ ನಿಮ್ಮ ಕಟ್ಟಡದ ವಿಷಯವೇ ಕೇಳುತ್ತಿದ್ದ ಎಂದರು.

ಹೋದ ಭಾನುವಾರ ನಾನು ಎಂದಿನಂತೆ ನಮ್ಮ ಕಟ್ಟಡದ ಮುಂದೆ ನಿಂತಿದ್ದೆ. ಕೆಲಸ ಒಂದು ವಾರ ಶುರುವಾಗಿ ಮತ್ತೆ ನಿಂತಿತ್ತು. ಹಿಂದಿನ ಅವಳಿ ಕಟ್ಟಡದಿಂದ ಇಬ್ಬರು ಬಂದರು, ಅವರ ಸೊಸೈಟಿಯ ಸೆಕ್ರೆಟರಿ ಮತ್ತು ನಮ್ಮ ಸರ್ ಅವರನ್ನು ಗಾಜಿನ ಸರ್ ಎನ್ನುವ ಆ ಎರಡನೇ ಮಹಡಿಯಾಕೆ. ಅವರಿಗೂ ಈಗ ಒಬ್ಬ ಬಿಲ್ಡರ್ ಬಂದಿದ್ದಾನಂತೆ. ನಮ್ಮ ಅರ್ಧ ಎದ್ದ ಕಂಬಗಳನ್ನು ನೋಡುತ್ತ ಅವರ ಮುಖ, ಊರು ಸುತ್ತಿ ಬಂದ ಸಂಜೆಗಳಲ್ಲಿ ಸರ್ ಮುಖ ಹೇಗಿರುತ್ತಿತ್ತೋ ಹಾಗೆಯೇ ಆಗಿತ್ತು. ಸಹಿ ಮಾಡಬೇಕೋ ಬೇಡವೋ ಎಂದು ಸೆಕ್ರೆಟರಿ ನನ್ನನ್ನೇ ಕೇಳಿದರು. ಬೇಡ, ನಮ್ಮ ಗತಿ ನೋಡುತ್ತಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ನನಗೆ ನೆನಪಾಯಿತು. ನಿಮ್ಮ ಅಡುಗೆಮನೆಯ ಗಾಜು ಏನಾಯಿತು ಎಂದು ಆಕೆಯನ್ನು ಕೇಳಿದೆ.

ಒಡೆಯಿತು ಎಂದಳು. ಹೋದ ಮಳೆಗಾಲದಲ್ಲಿ, ನಡು ಮಧ್ಯಾಹ್ನ. ಗಾಜು ಒಡೆದ ಸದ್ದಿಗೆ ಸರ್ ಹೇಳಿದ್ದು ನೆನಪಾಗಿ ಮಕ್ಕಳನ್ನು ಎಳೆದುಕೊಂಡು ಹೊರಗೋಡಿದಳಂತೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಚಾವಣಿಯ ಇಡೀ ಸ್ಲ್ಯಾಬ್ ಕುಸಿದು, ನೆಲವನ್ನೂ ಒಡೆದುಕೊಂಡು ಕೆಳಗೆ ಹೋಯಿತು. ಕೆಳಮನೆಯಲ್ಲಿ ಯಾರೂ ಇರಲಿಲ್ಲ, ಅದೇ ಪುಣ್ಯ. ಒಲೆ ಇದ್ದ ಜಾಗದಲ್ಲಿ ಈಗಲೂ ಬರೀ ಆ ದೊಡ್ಡ ತೂತಿದೆ ಎಂದಳು.

ಅದೇ ಬಿಲ್ಡರ್, ಅದೇ ವರ್ಷ, ಅದೇ ಎರಡನೇ ಮಹಡಿ. ನಮಗೆ ಆಗದೇ ಹೋದದ್ದು ಅಲ್ಲಿ ಆಗಿತ್ತು. ಅಲ್ಲಿ ಬಿದ್ದಿದ್ದ ಇಟ್ಟಿಗೆಗಳ ಮೇಲೆ ಕುಳಿತೆ. ಏನಾಯಿತು ತಾಯಿ ಎಂದು ಅವರು ಗಾಬರಿಯಾದರು. ಅಳು ತಡೆಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬಿಬವೇವಾಡಿಯ ಆ ಮುಗಿದ ಕಟ್ಟಡದ ದಾರಿ ಹೇಳಿದೆ. ನಮ್ಮದನ್ನಷ್ಟೇ ನೋಡಿ ತೀರ್ಮಾನ ಮಾಡಬೇಡಿ, ಅದನ್ನೂ ನೋಡಿ, ನಿಮ್ಮ ಅಡುಗೆಮನೆಯನ್ನೂ ಇನ್ನೊಮ್ಮೆ ಹೋಗಿ ನೋಡಿ, ಮೂರನ್ನೂ ಅಕ್ಕಪಕ್ಕ ಇಟ್ಟು ಯೋಚಿಸಿ ಎಂದೆ. ಮಳೆ ಶುರುವಾಗುವ ಮೊದಲು ಹೋಗಿಬನ್ನಿ ಎಂದೂ ಹೇಳಿದೆ.